ನಕ್ಷೆಗೂ ಮುಪ್ಪುಂಟು

ಕಾರ್ತಿಕ ಮಾಸದ ಕಡೆಯ ಸೋಮವಾರದಂದು ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಯ ಇಕ್ಕೆಲಗಳಲ್ಲಿಯೂ ಹೊಸ ಬೆಳೆಯ ಕಡಲೆಕಾಯಿಯ ರಾಶಿಗಳು ಏಳುತ್ತವೆ. ನಗರದ ಮೂಲೆಮೂಲೆಗಳಿಂದ ಜನರು ಅಲ್ಲಿಗೆ ಬರುತ್ತಾರೆ. ಮಲ್ಲೇಶ್ವರದ ಕುಟುಂಬವೊಂದು ಆಗತಾನೆ ಕೊಂಡ ಹೊಸ ಕಾರಿನಲ್ಲಿ ಈ ಪರಿಷೆಗೆ ಹೊರಟಿದೆಯೆಂದು ಇಟ್ಟುಕೊಳ್ಳಬಹುದು. ಕಾರಿನ ಚುಕ್ಕಾಣಿಯ ಪಕ್ಕದಲ್ಲಿ ಪುಟ್ಟ ತೆರೆಯೊಂದಿದೆ. ಸೇರಬೇಕಾದ ಸ್ಥಳದ ಹೆಸರನ್ನು ತಿಳಿಸಿದೊಡನೆ ಅದರ ಮೇಲೆ ನಗರದ ನಕ್ಷೆ ಮೂಡುತ್ತದೆ. ಹಿಡಿಯಬೇಕಾದ ದಾರಿ ಬಣ್ಣದ ಗೆರೆಯಾಗಿ ಕಾಣುತ್ತದೆ. ಎಲ್ಲಿ ಎಡಕ್ಕೆ ತಿರುಗಬೇಕು, ಎಲ್ಲಿ ಬಲಕ್ಕೆ ತಿರುಗಬೇಕು ಎಂಬುದನ್ನು ಧ್ವನಿಯೊಂದು ಹೇಳುತ್ತಾ ಹೋಗುತ್ತದೆ. ಕಾರು ಹೊಸದು, ತೆರೆಯೂ ಹೊಸದು. ಆದರೆ ಅದರೊಳಗಿರುವ ನಕ್ಷೆ ಹೊಸದೆ? ಈ ಪ್ರಶ್ನೆಯನ್ನು ಕೇಳುವವರು ವಿರಳ.

ದಾರಿ ತೋರುವ ಈ ಯಂತ್ರಕ್ಕೆ ಎರಡು ಬಗೆಯ ತಿಳಿವಳಿಕೆ ಬೇಕು. ಮೊದಲನೆಯದು, ಕಾರು ಈಗ ಭೂಮಿಯ ಮೇಲೆ ಎಲ್ಲಿದೆ ಎಂಬುದು. ಇದನ್ನು ಕೃತಕ ಉಪಗ್ರಹಗಳ ನೆರವಿನಿಂದ ತಿಳಿಯಲಾಗುತ್ತದೆ. ಜಿ.ಪಿ.ಎಸ್. ಎಂಬ ವ್ಯವಸ್ಥೆಯ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತವೆ. ಇವುಗಳಲ್ಲಿ ಮೊದಲನೆಯದು 1978ರಲ್ಲಿ ಆಕಾಶಕ್ಕೆ ಏರಿತು. 1995ರ ವೇಳೆಗೆ ಇಡೀ ವ್ಯವಸ್ಥೆ ಸಿದ್ಧವಾಯಿತು. ಪ್ರತಿಯೊಂದು ಉಪಗ್ರಹವೂ ತಾನಿರುವ ಸ್ಥಾನವನ್ನೂ ಆ ಕ್ಷಣದ ಕಾಲವನ್ನೂ ರೇಡಿಯೋ ಅಲೆಗಳ ಮೂಲಕ ಸಾರುತ್ತಿರುತ್ತದೆ. ಆ ಅಲೆ ಕಾರನ್ನು ಮುಟ್ಟಲು ತೆಗೆದುಕೊಂಡ ಕಾಲದಿಂದ ಉಪಗ್ರಹವು ಎಷ್ಟು ದೂರದಲ್ಲಿದೆಯೆಂದು ಲೆಕ್ಕ ಹಾಕಬಹುದು. ಹೀಗೆ ಕನಿಷ್ಠ ನಾಲ್ಕು ಉಪಗ್ರಹಗಳ ದೂರ ತಿಳಿದರೆ ಕಾರಿನ ಸ್ಥಾನ ಖಚಿತವಾಗುತ್ತದೆ. ಈ ಲೆಕ್ಕದಲ್ಲಿ ಕಾಲವು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ತಪ್ಪಿದರೂ ದೂರದಲ್ಲಿ ಸುಮಾರು 300 ಮೀಟರುಗಳ ತಪ್ಪು ಬರುತ್ತದೆ. ಆದುದರಿಂದಲೇ ಉಪಗ್ರಹಗಳಲ್ಲಿ ಅತ್ಯಂತ ಸೂಕ್ಷ್ಮವಾದ ಪರಮಾಣು ಗಡಿಯಾರಗಳನ್ನು ಇರಿಸಿರುತ್ತಾರೆ. ಭಾರತವೂ ಇಂತಹ ತನ್ನದೇ ವ್ಯವಸ್ಥೆಗಾಗಿ 2013ರಿಂದ 2016ರವರೆಗೆ ಏಳು ಉಪಗ್ರಹಗಳನ್ನು ಹಾರಿಸಿ, ಅದಕ್ಕೆ ‘ನಾವಿಕ್’ ಎಂದು ಹೆಸರಿಟ್ಟಿತು. ಅದರ ಸಂಚಾರ ನಿರ್ದೇಶನ ಕೇಂದ್ರವು ಬೆಂಗಳೂರಿಗೆ ಸಮೀಪದ ಬ್ಯಾಲಾಳುವಿನಲ್ಲಿ 2013ರಲ್ಲಿ ಆರಂಭವಾಯಿತು.

ಆದರೆ ಉಪಗ್ರಹಕ್ಕೆ ಊರಿನ ಪರಿಚಯವಿಲ್ಲ. ಬಸವಣ್ಣನ ಗುಡಿಯ ಮುಂದೆ ನಿಂತ ಕಾರಿಗೆ ಅದರಿಂದ ದೊರೆಯುವುದು ಇಷ್ಟೆ: ಉತ್ತರ ಅಕ್ಷಾಂಶ ಸುಮಾರು 12.94 ಡಿಗ್ರಿ, ಪೂರ್ವ ರೇಖಾಂಶ ಸುಮಾರು 77.57 ಡಿಗ್ರಿ. ಈ ಅಂಕಿಗಳು ಬಸವನಗುಡಿಯೆಂದು ಹೇಳುವುದು, ಅಲ್ಲಿಂದ ಗಾಂಧಿ ಬಜಾರಿಗೆ ಯಾವ ತಿರುವಿನಲ್ಲಿ ಹೋಗಬೇಕೆಂದು ತೋರಿಸುವುದು, ಎರಡನೆಯ ತಿಳಿವಳಿಕೆಯಾದ ನಕ್ಷೆಯ ಕೆಲಸ. ಕಾರಿನ ನಕ್ಷೆ ಗೋಡೆಗೆ ತೂಗುಹಾಕುವ ಭೂಪಟದಂತಹ ಚಿತ್ರವಲ್ಲ. ಅದೊಂದು ದೊಡ್ಡ ದಫ್ತರ. ಊರಿನ ಪ್ರತಿಯೊಂದು ರಸ್ತೆಯನ್ನೂ ತುಂಡುತುಂಡಾಗಿ ಅದರಲ್ಲಿ ದಾಖಲಿಸಿರುತ್ತಾರೆ. ಈ ತುಂಡಿನ ಹೆಸರೇನು, ಉದ್ದವೆಷ್ಟು, ವಾಹನಗಳು ಎರಡೂ ಕಡೆಗೆ ಹೋಗಬಹುದೆ ಅಥವಾ ಒಂದೇ ಕಡೆಗೆ ಹೋಗಬೇಕೆ, ಅದರ ತುದಿಯಲ್ಲಿ ಬಲಕ್ಕೆ ತಿರುಗಲು ಅನುಮತಿಯುಂಟೆ ಎಂಬ ಸಂಗತಿಗಳೆಲ್ಲ ಅಲ್ಲಿರುತ್ತವೆ. ಈ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿ ಯಂತ್ರವು ದಾರಿಯನ್ನು ಹುಡುಕುತ್ತದೆ. ಆದರೆ ಈ ದಫ್ತರವನ್ನು ಒಂದು ನಿರ್ದಿಷ್ಟ ದಿನದಂದು ಮುಗಿಸಿ, ಪರೀಕ್ಷಿಸಿ, ಕಾರ್ಖಾನೆಗೆ ಕಳುಹಿಸಿರುತ್ತಾರೆ. ಅಲ್ಲಿ ಅದು ಕಾರಿನ ಸ್ಮೃತಿಕೋಶವನ್ನು ಸೇರುತ್ತದೆ. ಕಾರು ಮಳಿಗೆಗೆ ಬಂದು ಮಾರಾಟವಾಗುವ ಹೊತ್ತಿಗೆ ಹಲವು ತಿಂಗಳುಗಳು ಕಳೆದಿರಬಹುದು. ಮಾಲೀಕನಿಗೆ ಕಾರು ಮೊದಲ ದಿನದ್ದಾದರೂ ನಕ್ಷೆಗೆ ಆಗಲೇ ವಯಸ್ಸಾಗಿರುತ್ತದೆ.

ನಕ್ಷೆಗೆ ವಯಸ್ಸಾಗುವುದು ಊರು ಬೆಳೆಯುವುದರಿಂದ. ಬೆಂಗಳೂರಿನ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಬೆಂಗಳೂರಿನ ಬಳಿ ನೂರು ಅಡಿ ಉದ್ದದ ಉಕ್ಕಿನ ಸರಪಳಿಯನ್ನು ಹಿಡಿದು ನೆಲವನ್ನು ಅಳೆದನು. ಮುಂದೆ ಭಾರತದ ಉದ್ದಗಲಗಳನ್ನು ಅಳೆದ ಮಹಾ ತ್ರಿಕೋಣಮಿತೀಯ ಮೋಜಣಿಗೆ ಇದು ಪೂರ್ವಸಿದ್ಧತೆಯಾಯಿತು. ಅಂದಿನ ಮೋಜಣಿಗಾರರು ಎಷ್ಟೇ ಎಚ್ಚರದಿಂದ ನಕ್ಷೆ ಬರೆದಿದ್ದರೂ ಅದನ್ನು ಹಿಡಿದು ಇಂದು ನಗರದಲ್ಲಿ ನಡೆಯುವುದು ಸಾಧ್ಯವಿಲ್ಲ. ಹಳೆಯ ನಕ್ಷೆಗಳಲ್ಲಿ ಧರ್ಮಾಂಬುಧಿ ಕೆರೆಯಿದ್ದ ಕಡೆ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. 1892ರಲ್ಲಿ ಚಾಮರಾಜಪೇಟೆ ರೂಪುಗೊಂಡಿತು. 1898ರಲ್ಲಿ ಪ್ಲೇಗ್ ಮಾರಿ ಬೆಂಗಳೂರನ್ನು ಹೊಕ್ಕು ಇಕ್ಕಟ್ಟಾದ ಪೇಟೆಯ ಜನರನ್ನು ತತ್ತರಿಸುವಂತೆ ಮಾಡಿದಾಗ, ಗಾಳಿಬೆಳಕುಗಳಿಗೆ ಅವಕಾಶವಿರುವ ಅಗಲವಾದ ರಸ್ತೆಗಳ ಬಡಾವಣೆಗಳಾಗಿ ಬಸವನಗುಡಿಯೂ ಮಲ್ಲೇಶ್ವರವೂ ಬೆಳೆದವು. ಹಿಂದಿನ ನಕ್ಷೆಗಳಲ್ಲಿ ಈ ಬಡಾವಣೆಗಳಿಗೆ ಸ್ಥಾನವೇ ಇರಲಿಲ್ಲ. ಆ ನಕ್ಷೆಗಳು ಬರೆದ ದಿನ ಸತ್ಯವಾಗಿದ್ದವು. ನೆಲ ಬದಲಾದುದರಿಂದ ಸುಳ್ಳಾದವು.

ಪರಿಷೆಗೆ ಹೊರಟ ಕುಟುಂಬದ ದಾರಿಯನ್ನೇ ಹಿಂಬಾಲಿಸಿದರೆ ನಕ್ಷೆ ಎಲ್ಲೆಲ್ಲಿ ಎಡವಬಹುದೆಂಬುದು ಸ್ಪಷ್ಟವಾಗುತ್ತದೆ. ಮಲ್ಲೇಶ್ವರದ ಅಡ್ಡರಸ್ತೆಗಳನ್ನು ಸಂಖ್ಯೆಗಳಿಂದ ಗುರುತಿಸುತ್ತಾರೆ. ಎಂಟನೆಯ ಅಡ್ಡರಸ್ತೆ ಎಂಬುದು ಮಲ್ಲೇಶ್ವರದಲ್ಲಿಯೂ ಉಂಟು, ಜಯನಗರದಲ್ಲಿಯೂ ಉಂಟು. ಬಡಾವಣೆಯ ಹೆಸರು ದಾಖಲೆಯಲ್ಲಿ ಸರಿಯಾಗಿ ಕೂಡಿಕೊಳ್ಳದಿದ್ದರೆ ಯಂತ್ರವು ಮನೆಯ ಹಿಂದಿನ ಬೀದಿಗೆ ಬದಲಾಗಿ ನಗರದ ಇನ್ನೊಂದು ತುದಿಗೆ ದಾರಿ ತೋರಿಸೀತು. ಅಡ್ಡರಸ್ತೆಯೊಂದನ್ನು ಪೊಲೀಸರು ಏಕಮುಖ ಸಂಚಾರದ ರಸ್ತೆಯೆಂದು ಹೊಸದಾಗಿ ಸಾರಿದರೆ, ಆ ಒಂದು ಸಂಗತಿ ಸೇರುವವರೆಗೂ ನಕ್ಷೆಯು ವಾಹನವನ್ನು ಎದುರು ದಿಕ್ಕಿಗೆ ನುಗ್ಗಿಸುತ್ತದೆ.

ಕಾರು ಸಿರ್ಸಿ ವೃತ್ತವನ್ನು ಸಮೀಪಿಸಿದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಡೆಯಿಂದ ಬರುವ, ಎರಡೂವರೆ ಕಿಲೋಮೀಟರಿಗಿಂತಲೂ ಉದ್ದವಾದ ಮೇಲುಸೇತುವೆ ಇಲ್ಲಿದೆ. 1999ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಮೇಲೊಂದು ರಸ್ತೆ, ಅದರ ಕೆಳಗೆ ಇನ್ನೊಂದು ರಸ್ತೆ. ಮೇಲಿನಿಂದ ನೋಡಿದರೆ ಎರಡರ ಅಕ್ಷಾಂಶ ರೇಖಾಂಶಗಳೂ ಒಂದೇ. ಸೇತುವೆಯ ಅಡಿಯಲ್ಲಿ ಉಪಗ್ರಹದ ಸಂಕೇತವೂ ಸರಿಯಾಗಿ ತಲುಪದು. ಆಗ ಚಕ್ರಗಳು ಎಷ್ಟು ಸುತ್ತು ಉರುಳಿದವು, ಕಾರು ಎಷ್ಟು ಕೋನ ತಿರುಗಿತು ಎಂಬುದರಿಂದ ಯಂತ್ರವು ಸ್ಥಾನವನ್ನು ಊಹಿಸಿ, ನಕ್ಷೆಯಲ್ಲಿನ ರಸ್ತೆಗೆ ಹೊಂದಿಸಿಕೊಳ್ಳುತ್ತದೆ. ಸೇತುವೆಯನ್ನು ಹತ್ತುವ ಇಳಿಯುವ ಎಡೆಗಳು ನಕ್ಷೆಯಲ್ಲಿ ಇಲ್ಲದಿದ್ದರೆ ಈ ಹೊಂದಾಣಿಕೆಯೇ ತಪ್ಪುತ್ತದೆ.

ಮುಂದೆ ಚಾಮರಾಜಪೇಟೆ. ಅಲ್ಲಿ ಹಿಂದೆ ಆಲ್ಬರ್ಟ್ ವಿಕ್ಟರ್ ರಸ್ತೆ ಎಂದು ಹೆಸರಾಗಿದ್ದ ರಸ್ತೆಯೊಂದಿದೆ. 1889ರಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲನ್ನಿಟ್ಟ ಆಂಗ್ಲ ರಾಜಕುಮಾರನ ಹೆಸರು ಅದು. ಕನ್ನಡ ನಾಡಿನ ಏಕೀಕರಣಕ್ಕಾಗಿ ಬಾಳನ್ನು ಸವೆಸಿದ ಆಲೂರು ವೆಂಕಟರಾಯರ ಹೆಸರನ್ನು ಈಗ ಆ ರಸ್ತೆಗೆ ಇಡಲಾಗಿದೆ. ಆದರೆ ಹಳೆಯ ಕಾಗದಪತ್ರಗಳಲ್ಲಿಯೂ ಹಿರಿಯರ ನಾಲಿಗೆಯ ಮೇಲೂ ಹಳೆಯ ಹೆಸರು ಉಳಿದಿರುತ್ತದೆ. ಒಳ್ಳೆಯ ನಕ್ಷೆ ಹೊಸ ಹೆಸರನ್ನು ಬರೆದುಕೊಳ್ಳುವುದರ ಜೊತೆಗೆ ಹಳೆಯದನ್ನೂ ನೆನಪಿಟ್ಟಿರಬೇಕು. ಇಲ್ಲವಾದರೆ ಎರಡು ತಲೆಮಾರಿನವರು ಒಂದೇ ಬೀದಿಯಲ್ಲಿ ನಿಂತು ಬೇರೆಬೇರೆ ವಿಳಾಸಗಳನ್ನು ಹೇಳುವಂತಾಗುತ್ತದೆ.

ಕೊನೆಗೆ ಬಸವನಗುಡಿ. ಪರಿಷೆಯ ದಿನ ಗುಡಿಯ ಮುಂದಿನ ರಸ್ತೆಯಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಕಾರಿನೊಳಗಿನ ನಕ್ಷೆಯ ಪ್ರಕಾರವೋ ದಾರಿ ತೆರೆದೇ ಇದೆ. ರಸ್ತೆಯ ಬದಲಾವಣೆಗಳಲ್ಲಿ ಶಾಶ್ವತವಾದುವೂ ಇವೆ, ತಾತ್ಕಾಲಿಕವಾದುವೂ ಇವೆ. ಹೊಸ ಸೇತುವೆ, ಹೊಸ ಹೆಸರು ಮೊದಲಾದುವು ವರ್ಷಕ್ಕೆ ಕೆಲವು ಬಾರಿ ಪ್ರಕಟವಾಗುವ ನಕ್ಷೆಯ ಹೊಸ ಆವೃತ್ತಿಗಳಲ್ಲಿ ಸೇರಬಲ್ಲವು. ಜಾತ್ರೆ, ಮಳೆನೀರು, ಅಗೆದ ರಸ್ತೆ ಇವುಗಳ ಸುದ್ದಿ ದೂರಸಂಪರ್ಕ ಜಾಲದಿಂದ ಆಗಿಂದಾಗ್ಗೆ ಬರಬೇಕು. ಜಾಲದ ಸಂಪರ್ಕವಿಲ್ಲದ ಕಾರಿಗೆ ಅದು ತಿಳಿಯುವ ಬಗೆಯೇ ಇಲ್ಲ.

ಪರಿಷೆಗೆ ಅರ್ಧ ಗಂಟೆ ತಡವಾದರೆ ಆಗುವ ನಷ್ಟ ಸ್ವಲ್ಪವೇ. ಆದರೆ ಹಳೆಯ ನಕ್ಷೆ ಯಾವಾಗಲೂ ಇಷ್ಟು ನಿರುಪದ್ರವಿಯಾಗಿರುವುದಿಲ್ಲ. 2024ರ ನವೆಂಬರ್ ತಿಂಗಳಲ್ಲಿ ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿ, ದಾರಿ ತೋರುವ ನಕ್ಷೆಯನ್ನು ನಂಬಿ ಸಾಗುತ್ತಿದ್ದ ಕಾರೊಂದು ರಾಮಗಂಗಾ ನದಿಯ ಸೇತುವೆಯನ್ನು ಏರಿತು. ಆ ಸೇತುವೆಯ ಒಂದು ಭಾಗ ಹಿಂದಿನ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಆ ಸಂಗತಿ ನಕ್ಷೆಯಲ್ಲಿ ಸೇರಿರಲಿಲ್ಲ. ಸೇತುವೆಗೆ ಅಡ್ಡಲಾಗಿ ತಕ್ಕ ತಡೆಯನ್ನೂ ಕಟ್ಟಿರಲಿಲ್ಲ. ಕಾರು ಕೆಳಗುರುಳಿ ಮೂವರು ಪ್ರಾಣ ಕಳೆದುಕೊಂಡರು. ನೆಲದ ಮೇಲೆ ಇಡಬೇಕಾದ ಗುರುತನ್ನು ಇಡದೆ, ನಕ್ಷೆಯ ಮೇಲೆ ತಿದ್ದಬೇಕಾದ ಗೆರೆಯನ್ನು ತಿದ್ದದೆ ಬಿಟ್ಟುದಕ್ಕೆ ತೆತ್ತ ಬೆಲೆ ಅದು.

ಹಾಗಾದರೆ ನಕ್ಷೆಯನ್ನು ತಿದ್ದುವವರು ಯಾರು? ನಮ್ಮ ದೇಶದಲ್ಲಿ 1767ರಲ್ಲಿ ಸ್ಥಾಪನೆಯಾದ ಭಾರತೀಯ ಸರ್ವೇಕ್ಷಣ ಇಲಾಖೆ ಭೂಮಾಪನದ ಹೊಣೆಯನ್ನು ಹೊತ್ತಿದೆ. 1990ರ ದಶಕದಿಂದ ಖಾಸಗಿ ಸಂಸ್ಥೆಗಳೂ ಈ ಕಾರ್ಯಕ್ಕೆ ಇಳಿದಿವೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ನಿಯಮಗಳನ್ನು ಸಡಿಲಿಸಿ, ಭಾರತೀಯ ಸಂಸ್ಥೆಗಳು ಮುಂಚಿತವಾಗಿ ಅನುಮತಿ ಪಡೆಯದೆಯೇ ನಕ್ಷೆಗಳನ್ನು ಸಿದ್ಧಪಡಿಸಲು ಅವಕಾಶವಿತ್ತಿತು. ಈ ಸಂಸ್ಥೆಗಳು ಉಪಗ್ರಹಚಿತ್ರಗಳನ್ನು ಹಳೆಯ ದಾಖಲೆಗಳೊಡನೆ ಹೋಲಿಸುತ್ತವೆ. ಛಾಯಾಗ್ರಾಹಕ ಯಂತ್ರಗಳನ್ನು ಹೊತ್ತ ವಾಹನಗಳನ್ನು ಬೀದಿಬೀದಿಗೆ ಕಳುಹಿಸುತ್ತವೆ. ಬಳಕೆದಾರರು ತಿಳಿಸಿದ ತಪ್ಪುಗಳನ್ನು ಪರಿಶೀಲಿಸುತ್ತವೆ.

ತಿದ್ದಿದ ನಕ್ಷೆ ಕಾರನ್ನು ಸೇರುವ ವಿಧಾನವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತಾ ಬಂದಿದೆ. 1981ರಲ್ಲಿ ಜಪಾನಿನ ಹೋಂಡಾ ಸಂಸ್ಥೆಯು ತನ್ನ ಕಾರಿನಲ್ಲಿ ಅಳವಡಿಸಿದ ಉಪಕರಣಕ್ಕೆ ಉಪಗ್ರಹದ ನೆರವಿರಲಿಲ್ಲ. ಪಾರದರ್ಶಕ ಹಾಳೆಯ ಮೇಲೆ ಅಚ್ಚಾದ ನಕ್ಷೆಗಳನ್ನು ಕೈಯಿಂದಲೇ ಬದಲಿಸಬೇಕಾಗಿತ್ತು. 1985ರಲ್ಲಿ ಅಮೆರಿಕದಲ್ಲಿ ಬಂದ ಉಪಕರಣವೊಂದರ ನಕ್ಷೆಗಳು ಕ್ಯಾಸೆಟ್ಟುಗಳಲ್ಲಿದ್ದವು. ಬಳಿಕ ತಟ್ಟೆಗಳು ಬಂದವು. ಈಗ ಕೆಲವು ಕಾರುಗಳು ಜಾಲದ ಮೂಲಕ ಹೊಸ ನಕ್ಷೆಯನ್ನು ತಾವಾಗಿಯೇ ಪಡೆಯುತ್ತವೆ. ಉಳಿದವುಗಳಿಗೆ ಮಾಲೀಕನು ತಯಾರಕರ ಅಧಿಕೃತ ತಾಣದಿಂದ ತನ್ನ ಕಾರಿನ ಮಾದರಿಗೆ ಹೊಂದುವ ನಕ್ಷೆಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಕಾರಿಗೆ ಜೋಡಿಸಬೇಕು, ಅಥವಾ ಸೇವಾಕೇಂದ್ರದ ನೆರವನ್ನು ಪಡೆಯಬೇಕು.

ಈ ಕಾರ್ಯ ಕಠಿಣವೇನಲ್ಲ, ತಾಳ್ಮೆಯಷ್ಟೇ ಬೇಕು. ಮೊದಲು ತೆರೆಯ ಮೇಲೆ ನಕ್ಷೆಯ ಆವೃತ್ತಿ ಯಾವ ವರ್ಷದ್ದೆಂದು ನೋಡಬೇಕು. ಹೊಸ ಆವೃತ್ತಿಯನ್ನು ತುಂಬುವಾಗ ವಿದ್ಯುತ್ತು ನಿಲ್ಲಬಾರದು. ನಡುವೆ ಪೆನ್‌ಡ್ರೈವನ್ನು ಕೀಳಬಾರದು. ಅರ್ಧ ಬರೆದ ದಫ್ತರ ಹಳೆಯ ದಫ್ತರಕ್ಕಿಂತಲೂ ಕೆಟ್ಟದ್ದು. ಎಂಜಿನ್ನನ್ನು ಚಾಲನೆಯಲ್ಲಿಡಬೇಕಾದರೆ ಕಾರು ಬಯಲಿನಲ್ಲಿರಬೇಕು. ಮುಚ್ಚಿದ ಕೊಠಡಿಯಲ್ಲಿ ಹೊಗೆಯ ವಿಷಾನಿಲ ಪ್ರಾಣಕ್ಕೆ ಅಪಾಯ. ಮುಗಿದ ಮೇಲೆ ಪರಿಚಿತವಾದ ಹೊಸ ರಸ್ತೆಯೊಂದನ್ನು ಹುಡುಕಿ ನೋಡಿದರೆ ಕೆಲಸ ಸರಿಯಾಯಿತೆ ಎಂಬುದು ತಿಳಿಯುತ್ತದೆ. ಕೆಲವು ತಯಾರಕರು ಮೊದಲ ಕೆಲವು ವರ್ಷಗಳ ಕಾಲ ಇದನ್ನು ಉಚಿತವಾಗಿ ಒದಗಿಸುತ್ತಾರೆ. ಅರಿಯದವರು ಆ ಅವಧಿಯನ್ನು ಸುಮ್ಮನೆ ಕಳೆದುಬಿಡುತ್ತಾರೆ.

ಇಷ್ಟಾದರೂ ನಕ್ಷೆಗಾರರ ಕಣ್ಣು ಎಲ್ಲ ಬೀದಿಗಳನ್ನೂ ಎಲ್ಲ ದಿನವೂ ಕಾಣಲಾರದು. ಮನೆಯ ಮುಂದಿನ ರಸ್ತೆ ಮುಚ್ಚಿದೆಯೆಂಬುದು ಮೊದಲು ತಿಳಿಯುವುದು ಆ ಬೀದಿಯ ನಿವಾಸಿಗೆ. ಆತನು ಆ ತಪ್ಪನ್ನು ಸಂಬಂಧಪಟ್ಟವರಿಗೆ ತಿಳಿಸಿದರೆ, ಎಂದೂ ಕಾಣದ ಒಬ್ಬ ರೋಗಿಯನ್ನು ಹೊತ್ತ ವಾಹನವು ಮುಚ್ಚಿದ ದಾರಿಯಲ್ಲಿ ಸಿಲುಕದೆ ಹೊತ್ತಿಗೆ ಸರಿಯಾಗಿ ಆಸ್ಪತ್ರೆಯನ್ನು ಸೇರೀತು. ಹಿಂದಿನ ಕಾಲದಲ್ಲಿ ದಾರಿಹೋಕನಿಗೆ ಜಗುಲಿಯ ಮೇಲಿಂದಲೇ ದಾರಿ ಹೇಳುತ್ತಿದ್ದವರ ಸೌಜನ್ಯವೇ ಇಂದು ಈ ರೂಪವನ್ನು ತಾಳಿದೆ.

ಪರಿಷೆಗೆ ಬಂದ ಕುಟುಂಬವನ್ನು ಬಸವನಗುಡಿಯ ತಿರುವಿನಲ್ಲಿ ಪೊಲೀಸರು ತಡೆಯುತ್ತಾರೆ. ಕಾರಿನ ಧ್ವನಿ ಇನ್ನೂ ನೇರವಾಗಿ ಹೋಗಬೇಕೆಂದೇ ಹೇಳುತ್ತಿರುತ್ತದೆ. ಚಾಲಕನು ಅದನ್ನು ಸುಮ್ಮನಾಗಿಸಿ, ಬದಿಯ ಅಂಗಡಿಯವನನ್ನು ವಿಚಾರಿಸಿ, ಕಾರನ್ನು ನಿಲ್ಲಿಸಲು ತಕ್ಕ ಎಡೆಯನ್ನು ಹುಡುಕುತ್ತಾನೆ. ಅಲ್ಲಿಂದ ಗುಡಿಯವರೆಗೆ ಎಲ್ಲರೂ ನಡೆದೇ ಹೋಗುತ್ತಾರೆ. ನಕ್ಷೆಯನ್ನು ಹೊಸದಾಗಿ ಇಟ್ಟುಕೊಳ್ಳುವುದು ವಿವೇಕ. ಅದು ಎಷ್ಟೇ ಹೊಸದಾಗಿದ್ದರೂ ಎದುರಿಗಿರುವ ರಸ್ತೆಯ ಮೇಲೆ ಕಣ್ಣಿಟ್ಟಿರುವುದು ಅದಕ್ಕಿಂತ ದೊಡ್ಡ ವಿವೇಕ.