ಬರೆಯೋಕೆ ಇಲ್ಲೇನಿದೆ?

ವರ್ಷಕ್ಕೊಮ್ಮೆ ಈ ಇ-ಪುಸ್ತಿಕೆಗೆ ಬರಹ ಕೊಡಿ ಅಂತ ಕೇಳಿದಾಗಲೆಲ್ಲ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರುವ ಉತ್ತರಗಳು ಹೆಚ್ಚುಕಡಿಮೆ ಮೂರೇ. "ಟೈಮ್ ಇಲ್ಲ", "ನನ್ನ ಕನ್ನಡ ಅಷ್ಟು ಚೆನ್ನಾಗಿಲ್ಲ", "ಬರೆಯೋಕೆ ಇಲ್ಲೇನಿದೆ?" ಮೊದಲನೆಯದಕ್ಕೆ ಪರೀಕ್ಷೆ ಮುಗಿಯುವುದೇ ಮದ್ದು. ಎರಡನೆಯದಕ್ಕೆ ಬರೆಯುವುದೇ ಮದ್ದು. ಮೂರನೆಯದು ಮಾತ್ರ ನಿಜವಾಗಿ ಯೋಚನೆಗೆ ಹಚ್ಚುವ ಪ್ರಶ್ನೆ. ಊರಲ್ಲಿದ್ದವರಿಗೆ ಮಳೆ, ಗದ್ದೆ, ಜಾತ್ರೆ, ಬೆಂಗಳೂರಿನ ಟ್ರಾಫಿಕ್ಕು ಎಲ್ಲವೂ ಇದೆ. ನಮಗೆ ಹಾಸ್ಟೆಲು, ಮೆಟ್ರೋ, ಮಾಲು, ಎಸಿ. ಸ್ಫೂರ್ತಿ ಬರಬೇಕಾದರೂ ಅದೃಷ್ಟ ಬೇಕು, ಆ ಅದೃಷ್ಟ ದೋಹಾದಲ್ಲಿಲ್ಲ ಅನ್ನೋದು ನಮ್ಮಲ್ಲಿ ಹಲವರ ಅಂಬೋಣ. ಇದು ಎಷ್ಟು ಸರಿ ಅಂತ ಸ್ವಲ್ಪ ನೋಡೋಣ.

ಕಾಣದೇ ಇದ್ದದ್ದು

ಮೊದಲು ಆ ಎರಡು ಪದಗಳನ್ನೇ ನೋಡಿ. 'ಸ್ಫೂರ್ತಿ' ಬಂದಿರುವುದು ಮಿಡಿ, ಮಿಂಚು ಅನ್ನುವ ಅರ್ಥದ ಧಾತುವಿನಿಂದ. ಅಂದರೆ ಅದು ಕ್ಷಣಮಾತ್ರದ್ದು. 'ಅದೃಷ್ಟ' ಇನ್ನೂ ಸೋಜಿಗದ ಪದ. ದೃಷ್ಟ ಅಂದರೆ ಕಂಡದ್ದು, ಅದೃಷ್ಟ ಅಂದರೆ ಕಾಣದೇ ಇದ್ದದ್ದು. ಹಿಂದಿನವರು ಹಣೆಬರಹದ ಅರ್ಥದಲ್ಲಿ ಈ ಮಾತನ್ನು ಬಳಸಿರಬಹುದು. ಆದರೆ ಬರೆಯುವವರಿಗೆ ಇದರಲ್ಲಿ ಇನ್ನೊಂದು ಸೂಚನೆಯಿದೆ: ಅದೃಷ್ಟ ಇಲ್ಲದೇ ಇರುವುದಲ್ಲ, ಇದ್ದೂ ನಮ್ಮ ಕಣ್ಣಿಗೆ ಬೀಳದೇ ಇರುವುದು.

ಇಂಗ್ಲಿಷಿನಲ್ಲಿ ಹುಡುಕದೇ ಸಿಗುವ ಒಳ್ಳೆಯದಕ್ಕೆ 'ಸೆರೆಂಡಿಪಿಟಿ' ಅಂತಾರೆ. ಈ ಪದ ಹುಟ್ಟಿದ್ದು 1754ರಲ್ಲಿ, ಹೊರೇಸ್ ವಾಲ್ಪೋಲ್ ಎಂಬ ಇಂಗ್ಲಿಷ್ ಲೇಖಕ ಗೆಳೆಯನಿಗೆ ಬರೆದ ಒಂದು ಕಾಗದದಲ್ಲಿ. ಅದರ ಬೇರು ಮಾತ್ರ ನಮ್ಮ ಕಡಲಿನದು. 'ಸರಂದೀಬ್' ಅಂತ ಅರಬ್ಬರು ಕರೆಯುತ್ತಿದ್ದುದು ಶ್ರೀಲಂಕೆಯನ್ನು. ಸೆರೆಂಡಿಪ್ಪಿನ ಮೂವರು ರಾಜಕುಮಾರರ ಪರ್ಷಿಯನ್ ಕಥೆಯೊಂದು 1557ರಲ್ಲಿ ವೆನಿಸ್ಸಿನಲ್ಲಿ ಇಟಾಲಿಯನ್ ಭಾಷೆಯಲ್ಲಿ ಅಚ್ಚಾಗಿ, ಅಲ್ಲಿಂದ ಸುತ್ತಿ ವಾಲ್ಪೋಲನ ಕೈಗೆ ಬಂತು. ಆ ಕಥೆಯಲ್ಲೊಂದು ಒಂಟೆ ಬರುತ್ತದೆ. ರಾಜಕುಮಾರರು ಅದನ್ನು ನೋಡಿಯೇ ಇಲ್ಲ. ಆದರೂ ಅದಕ್ಕೆ ಒಂದು ಕಣ್ಣು ಕುರುಡು ಅಂತ ಹೇಳಿಬಿಡುತ್ತಾರೆ. ಹೇಗೆ? ದಾರಿಯ ಒಂದೇ ಮಗ್ಗುಲಿನ ಹುಲ್ಲು ಮೇಯ್ದಿತ್ತು, ಅಷ್ಟೇ. ಹುಲ್ಲು ಆ ದಾರಿಯಲ್ಲಿ ಹೋದ ಎಲ್ಲರಿಗೂ ಕಂಡಿತ್ತು. ಗಮನಿಸಿದವರು ಮೂವರು.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಇದನ್ನೇ ಇನ್ನೊಂದು ರೀತಿ ಪರೀಕ್ಷಿಸಿದರು. ತಮ್ಮನ್ನು ಅದೃಷ್ಟವಂತರು ಅಂದುಕೊಂಡವರಿಗೂ ದುರದೃಷ್ಟವಂತರು ಅಂದುಕೊಂಡವರಿಗೂ ಒಂದು ಪತ್ರಿಕೆ ಕೊಟ್ಟು, ಇದರಲ್ಲಿ ಎಷ್ಟು ಫೋಟೋ ಇವೆ ಎಣಿಸಿ ಅಂದರು. ಎರಡನೇ ಪುಟದಲ್ಲೇ ಅರ್ಧ ಪುಟದಷ್ಟು ದೊಡ್ಡ ಅಕ್ಷರದಲ್ಲಿ, ಎಣಿಸೋದು ನಿಲ್ಲಿಸಿ, ಇದರಲ್ಲಿ 43 ಫೋಟೋ ಇವೆ ಅಂತ ಅಚ್ಚಾಗಿತ್ತು. 'ಅದೃಷ್ಟವಂತ'ರಲ್ಲಿ ಹೆಚ್ಚಿನವರು ಅದನ್ನು ಕಂಡರು. ಉಳಿದವರು ಕೊನೇ ಪುಟದವರೆಗೂ ಎಣಿಸಿದರು. ಅವರ ಗಮನವೆಲ್ಲ ಫೋಟೋ ಮೇಲೆ, ಅದಕ್ಕೇ ಅಕ್ಷರ ಕಾಣಲಿಲ್ಲ. 'ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ' ಅನ್ನೋ ನಮ್ಮ ಗಾದೆ ಇದನ್ನೇ ಎಂದೋ ಹೇಳಿಟ್ಟಿದೆ.

ಪರದೇಶದಲ್ಲಿ ಸಿಕ್ಕ ಅಗ್ರಹಾರ

ಊರು ಬಿಟ್ಟು ಬಂದರೆ ಕನ್ನಡದ ಬರವಣಿಗೆ ಒಣಗುತ್ತದೆ ಅನ್ನುವವರಿಗೆ ನಮ್ಮ ಸಾಹಿತ್ಯದಲ್ಲೇ ಉತ್ತರವಿದೆ. ಯು.ಆರ್. ಅನಂತಮೂರ್ತಿ 1960ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ವಿದ್ಯಾರ್ಥಿ. ನಮ್ಮ ಹಾಗೇ ಸ್ಕಾಲರ್‌ಶಿಪ್ಪು, ಲೈಬ್ರರಿ, ಚಳಿ, ಮನೆಯ ನೆನಪು. ಒಂದು ದಿನ ಅವರು ಅಲ್ಲಿನ ಅಧ್ಯಾಪಕ, ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿ ಜತೆ ಇಂಗ್ಮಾರ್ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ಸಿನಿಮಾಕ್ಕೆ ಹೋದರು. ಸ್ವೀಡಿಷ್ ಚಿತ್ರ, ಸಬ್‌ಟೈಟಲ್ ಕೂಡ ಇಲ್ಲ. ಮಾತು ಪೂರ್ತಿ ಅರ್ಥವಾಗದಿದ್ದರೂ ಪ್ಲೇಗು ಹಬ್ಬಿದ ಮಧ್ಯಯುಗದ ಆ ಯೂರೋಪು ಮನಸ್ಸಿನಲ್ಲಿ ಕೂತಿತು. ಯೂರೋಪಿನವರು ಓದಿ ಕಲ್ಪಿಸಿಕೊಳ್ಳಬೇಕಾದ ಆ ಕಾಲ ಭಾರತದವರ ಬದುಕಿನಲ್ಲಿ ಇನ್ನೂ ಜೀವಂತವಾಗಿದೆ ಅನ್ನೋ ಮಾತು ಇಬ್ಬರ ನಡುವೆ ಬಂತು. ಅಲ್ಲಿಂದ ಹೊರಟದ್ದು 'ಸಂಸ್ಕಾರ'. 1965ರಲ್ಲಿ ಪ್ರಕಟವಾದ ಆ ಕಾದಂಬರಿಯಲ್ಲಿ ಪ್ಲೇಗು ಬರುವುದು ಮಲೆನಾಡಿನ ಅಗ್ರಹಾರಕ್ಕೆ.

ಇಲ್ಲಿ ಅದೃಷ್ಟ ಯಾವುದು? ಆ ಸಂಜೆ ಆ ಚಿತ್ರ ಸಿಕ್ಕಿದ್ದು ಅದೃಷ್ಟವೇ. ಆದರೆ ಅದೇ ಚಿತ್ರವನ್ನು ಎಷ್ಟು ಜನ ನೋಡಿಲ್ಲ! ತೀರ್ಥಹಳ್ಳಿ ಕಡೆಯ ಬಾಲ್ಯ, ಅಷ್ಟು ವರ್ಷದ ಓದು, ಒಳಗೇ ಕುದಿಯುತ್ತಿದ್ದ ಪ್ರಶ್ನೆಗಳು ಇಲ್ಲದಿದ್ದರೆ ಅದು ಬರೀ ಅರ್ಥವಾಗದ ಸಿನಿಮಾ ಆಗಿರುತ್ತಿತ್ತು. ದೂರ ಹೋದದ್ದರಿಂದ ಊರು ಮರೆಯಾಗಲಿಲ್ಲ, ಇಡಿಯಾಗಿ ಕಂಡಿತು.

ಗಿರೀಶ ಕಾರ್ನಾಡರದು ಇನ್ನೊಂದು ಬಗೆ. 1960ರಲ್ಲಿ ರೋಡ್ಸ್ ವಿದ್ವಾಂಸರಾಗಿ ಆಕ್ಸ್‌ಫರ್ಡಿಗೆ ಹೊರಡುವ ತಯಾರಿ ನಡೆದಿತ್ತು. ಅವರ ಕನಸು ಇಂಗ್ಲಿಷ್ ಕವಿ ಆಗೋದು. ಮನೆಯವರನ್ನು ಬಿಟ್ಟು ಹೋಗುವ ತಳಮಳದಲ್ಲಿ ಕೂತು ಬರೆದರೆ ಹೊರಬಂದದ್ದು ಕನ್ನಡ, ಅದೂ ನಾಟಕ, ಅದೂ ಮಹಾಭಾರತದ ಕಥೆ: 'ಯಯಾತಿ'. ಮರುವರ್ಷವೇ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು. ಎ.ಕೆ. ರಾಮಾನುಜನ್ ಷಿಕಾಗೋದಲ್ಲಿ ಪಾಠ ಮಾಡುತ್ತಲೇ ಕನ್ನಡ ಕವಿತೆ ಬರೆದರು. ಅವರ 'ಹೊಕ್ಕುಳಲ್ಲಿ ಹೂವಿಲ್ಲ' ಬಂದದ್ದು 1969ರಲ್ಲಿ. 'ಸಂಸ್ಕಾರ'ವನ್ನು ಇಂಗ್ಲಿಷಿಗೆ ತಂದವರೂ ಅವರೇ.

ಹಾಗಂತ ದೂರ ಹೋಗಲೇಬೇಕು ಅಂತೇನೂ ಇಲ್ಲ. ಬಾನು ಮುಷ್ತಾಕ್ ಹಾಸನದಲ್ಲೇ ಇದ್ದು ಪತ್ರಕರ್ತೆಯಾಗಿ, ವಕೀಲೆಯಾಗಿ ಸುತ್ತಲಿನ ಹೆಣ್ಣುಮಕ್ಕಳ ಮಾತು ಕೇಳುತ್ತಾ ಬರೆದರು. ಮೂರು ದಶಕದಲ್ಲಿ ಬರೆದ ಕಥೆಗಳಿಂದ ಆಯ್ದ 12 ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಆಗಿ, 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದವು. ಲಾಟರಿ ಹೊಡೀತು ಅನ್ನುವವರು ಆ ಮೂರು ದಶಕ ಲೆಕ್ಕ ಹಾಕಬೇಕು.

ದೋಹಾದ ಮುತ್ತು

ನಾವಿರುವ ನೆಲವೇ ಒಂದು ಕಾಲದಲ್ಲಿ ಅದೃಷ್ಟದ ಮೇಲೆ ಬದುಕಿದ್ದು. ಎಣ್ಣೆ, ಗ್ಯಾಸು ಬರುವ ಮೊದಲು ಕತಾರಿನ ಜೀವನವೆಂದರೆ ಮುತ್ತು. ಬೇಸಿಗೆಯ ತಿಂಗಳುಗಳಲ್ಲಿ ದೋಣಿಗಳು ಕಡಲಿಗಿಳಿದು ವಾರಗಟ್ಟಲೆ ಅಲ್ಲೇ ಇರುತ್ತಿದ್ದವು. ಮುಳುಗುವವರು ಮೂಗಿಗೆ ಕ್ಲಿಪ್ಪು, ಕಾಲಿಗೆ ಕಲ್ಲು ಕಟ್ಟಿಕೊಂಡು ಇಳಿಯುತ್ತಿದ್ದರು. ದೋಣಿಯ ಯಜಮಾನನಿಗೆ 'ನಖೋದ' ಅಂತ ಹೆಸರು. ದಣಿವು ಮರೆಸಲು ಹಾಡುವುದಕ್ಕೇ ಒಬ್ಬ 'ನಹಾಮ್' ಇರುತ್ತಿದ್ದ. ನೂರಾರು ಚಿಪ್ಪು ಒಡೆದರೆ ಎಲ್ಲೋ ಒಂದು ಒಳ್ಳೆಯ ಮುತ್ತು. ಜಪಾನಿನ ಸಾಕಣೆ ಮುತ್ತು ಮಾರುಕಟ್ಟೆಗೆ ಬಂದು, 1930ರ ದಶಕದ ಆರ್ಥಿಕ ಕುಸಿತವೂ ಸೇರಿ ಆ ವ್ಯಾಪಾರ ನೆಲಕಚ್ಚಿತು.

ಸ್ವಾತಿ ಮಳೆಯ ಹನಿ ಬಾಯ್ತೆರೆದ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ವಿಜ್ಞಾನ ಹೇಳುವುದು ಬೇರೆ: ಹೊರಗಿನ ಜೀವಿಯೋ ಕಣವೋ ಒಳಹೊಕ್ಕು ಕಿರಿಕಿರಿ ಮಾಡಿದಾಗ ಚಿಪ್ಪಿನೊಳಗಿನ ಜೀವ ಅದರ ಸುತ್ತ ಪದರದ ಮೇಲೆ ಪದರ ಕಟ್ಟುತ್ತದೆ. ಎರಡನ್ನೂ ಸೇರಿಸಿದರೆ ಬರವಣಿಗೆಯ ಪಾಠ ಪೂರ್ತಿಯಾಗುತ್ತದೆ. ಹನಿ ಬೀಳುವುದು ನಮ್ಮ ಕೈಲಿಲ್ಲ. ಬಾಯಿ ತೆರೆದಿರುವುದು, ಆಮೇಲೆ ಪದರ ಕಟ್ಟುವುದು ನಮ್ಮ ಕೈಲಿದೆ.

ಬಾಯ್ತೆರೆದ ಚಿಪ್ಪಿಗೆ ಇಲ್ಲಿ ಬೀಳುವ ಹನಿಗಳು

ಒಂದೆರಡು ಉದಾಹರಣೆ ಕೊಡ್ತೀವಿ. ಅರೇಬಿಕ್ ತರಗತಿಯಲ್ಲಿ ಹೆಸರು ಕೂಗಿದರೆ ಹುಡುಗರು 'ಹಾದಿರ್' ಅಂತಾರೆ. ಊರಿನ ಶಾಲೆಯಲ್ಲಿ ನಮ್ಮ ಅಪ್ಪ-ಅಮ್ಮ 'ಹಾಜರ್ ಸಾರ್' ಅಂದದ್ದೂ ಇದೇ ಪದ. ಅಂಗಡಿಯಲ್ಲಿ ಚಿಲ್ಲರೆ ವಾಪಸು ಬಂದರೆ 'ಬಾಕಿ', ಯಾರೂ ಇಲ್ಲದ್ದು 'ಖಾಲಿ', ಒಂದರ ಜಾಗದಲ್ಲಿ ಇನ್ನೊಂದು 'ಬದಲ್'. ಅಸಲು, ನಕಲು, ವಕೀಲ, ಅರ್ಜಿ, ಎಲ್ಲವೂ ಆದಿಲ್‌ಶಾಹಿಗಳ, ಮೊಘಲರ, ಹೈದರ್-ಟಿಪ್ಪು ಕಾಲದ ಆಡಳಿತದಲ್ಲಿ ಪಾರ್ಸಿಯ ದಾರಿ ಹಿಡಿದು ಕನ್ನಡಕ್ಕೆ ಬಂದವು. ನಾವು ಪರಭಾಷೆ ಅಂದುಕೊಂಡ ಭಾಷೆಯ ನೂರಾರು ಪದಗಳು ನಮ್ಮ ಅಜ್ಜಿಯ ಬಾಯಲ್ಲೇ ಇವೆ. ಇದರ ಮೇಲೆ ಒಂದು ಲಲಿತ ಪ್ರಬಂಧ ಆಗೋದಿಲ್ಲವೇ?

ಇನ್ನೊಂದು. ಆಗಸ್ಟ್ 24ರ ಆಸುಪಾಸು ಇಲ್ಲಿನವರು 'ಸುಹೈಲ್ ಬಂತು' ಅಂತಾರೆ. ನಸುಕಿನ ಆಕಾಶದಲ್ಲಿ ದಕ್ಷಿಣಕ್ಕೆ ಸುಹೈಲ್ ನಕ್ಷತ್ರ ಮೂಡಿದರೆ ಸುಡುಬೇಸಿಗೆ ಇಳಿಯತೊಡಗಿತು ಅಂತ ಲೆಕ್ಕ. ಈ ಸುಹೈಲ್ ಬೇರೆ ಯಾರೂ ಅಲ್ಲ, ನಮ್ಮ ಅಗಸ್ತ್ಯ. ಅಗಸ್ತ್ಯ ನಕ್ಷತ್ರ ಉದಯಿಸಿದರೆ ಮಳೆಗಾಲದ ಕದಡಿದ ನೀರು ತಿಳಿಯಾಗುತ್ತದೆ ಅನ್ನೋದು ನಮ್ಮ ಹಳೆಯ ನಂಬಿಕೆ. ಕಾವೇರಿಯನ್ನು ಕಮಂಡಲದಲ್ಲಿಟ್ಟುಕೊಂಡ ಅಗಸ್ತ್ಯರು ಇವರೇ. ಒಂದೇ ನಕ್ಷತ್ರ, ಮರಳುಗಾಡಿನಲ್ಲಿ ತಂಪಿನ ಸುದ್ದಿ ತರುತ್ತದೆ, ತಲಕಾವೇರಿಯಲ್ಲಿ ನೀರಿನ ಕಥೆಯಾಗುತ್ತದೆ. ಎರಡೂ ಗೊತ್ತಿರುವ ಅವಕಾಶ ಯಾರಿಗಿದೆ ಹೇಳಿ? ಇಲ್ಲಿರುವ ಕನ್ನಡಿಗರಿಗೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಇಲ್ಲಿ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಅಂತ ಕಾನೂನಿದೆ. ಆ ಹೊತ್ತಿನಲ್ಲಿ ನೆರಳಲ್ಲಿ ಕೂತವರಲ್ಲಿ, ಬಸ್ಸಿನಲ್ಲಿ ತಲೆ ಒರಗಿಸಿದವರಲ್ಲಿ ನಮ್ಮ ಕರಾವಳಿಯವರೂ, ಉತ್ತರ ಕರ್ನಾಟಕದವರೂ ಇರಬಹುದು. ಅವರ ಕಷ್ಟ ನಮ್ಮ ಕಥೆಗೆ ಕಚ್ಚಾ ಸಾಮಾನು ಅಲ್ಲ. ಮೊದಲು "ಯಾವೂರು ಅಣ್ಣ ನಿಮ್ಮದು?" ಅಂತ ಕೇಳಿ ಮಾತಾಡಬೇಕು. ಬರೆಯುವುದಾದರೆ ಒಪ್ಪಿಗೆ ಕೇಳಿ, ಗುರುತು ಮರೆಸಿ ಬರೆಯಬೇಕು. ನೋಡುವುದಕ್ಕೂ ದಿಟ್ಟಿಸುವುದಕ್ಕೂ ವ್ಯತ್ಯಾಸವಿದೆ.

ಹಾಗಾದರೆ ಮಾಡೋದೇನು?

1926ರಲ್ಲಿ ಗ್ರಹಾಂ ವಾಲಸ್ ಎಂಬವರು ಹೊಸ ಯೋಚನೆ ಹುಟ್ಟುವ ದಾರಿಯನ್ನು ನಾಲ್ಕು ಹಂತವಾಗಿ ಹೇಳಿದರು: ತಯಾರಿ, ಕಾವು, ಹೊಳಹು, ಪರೀಕ್ಷೆ. ನಮ್ಮ ಮಮ್ಮಟ ಸುಮಾರು ಒಂಬತ್ತು ಶತಮಾನ ಮೊದಲೇ ಕಾವ್ಯಕ್ಕೆ ಹುಟ್ಟುಶಕ್ತಿಯ ಜತೆಗೆ ಲೋಕವನ್ನೂ ಶಾಸ್ತ್ರವನ್ನೂ ನೋಡಿ ಬಂದ ನೈಪುಣ್ಯ ಮತ್ತು ಅಭ್ಯಾಸ ಮೂರೂ ಬೇಕು ಅಂದಿದ್ದ. ನಾವು ಹೊಳಹಿಗಾಗಿ ಮಾತ್ರ ಕಾಯ್ತೀವಿ, ಉಳಿದದ್ದನ್ನು ಬಿಟ್ಟುಬಿಡ್ತೀವಿ. ಇದನ್ನು ದಿನದ ಲೆಕ್ಕಕ್ಕೆ ಇಳಿಸಿದರೆ ಹೀಗಾಗುತ್ತದೆ.

ದಿನಕ್ಕೊಂದು ಸಾಲು ಫೋನಿನಲ್ಲಿ ಗುರುತು ಹಾಕಿ. ಅಭಿಪ್ರಾಯ ಬೇಡ, ಕಂಡದ್ದು ಸಾಕು: ಕರಕ್ ಚಹಾದ ಕಾಗದದ ಲೋಟ, ಮುಶೈರಿಬ್ ಸ್ಟೇಶನ್ನಿನಲ್ಲಿ ಕಿವಿಗೆ ಬಿದ್ದ ತುಳು, ವರ್ಷಕ್ಕೆ ನಾಲ್ಕೈದು ಸಲ ಬರುವ ಮಳೆಗೆ ಕ್ಲಾಸು ಬಿಟ್ಟು ಹೊರಗೋಡಿದವರು. ವಾರಕ್ಕೊಮ್ಮೆ ಮನೆಗೆ ಫೋನು ಮಾಡಿದಾಗ "ಊಟ ಆಯ್ತಾ" ಮುಗಿದ ಮೇಲೆ ಅಜ್ಜಿಗೋ ಅಜ್ಜನಿಗೋ ಇನ್ನೊಂದು ಪ್ರಶ್ನೆ ಕೇಳಿ: ನಿಮ್ಮ ಕಾಲದಲ್ಲಿ ಇದಕ್ಕೆ ಏನಂತಿದ್ರಿ? ಬರೆದದ್ದನ್ನು ಒಂದು ವಾರ ಹಾಗೇ ಬಿಡಿ, ಕಾವು ಕೂರಲಿ. ಆಮೇಲೆ ತೆಗೆದು ತಿದ್ದಿ. ಒತ್ತಕ್ಷರ ತಪ್ಪಾದರೆ ತಿದ್ದೋಕೆ ಸಂಪಾದಕ ಮಂಡಳಿಯಲ್ಲಿ ಜನ ಇದ್ದಾರೆ. ಬರೆಯದೇ ಬಿಟ್ಟದ್ದನ್ನು ಯಾರೂ ತಿದ್ದಲಾರರು.

ಯಾಕೆ ಇಷ್ಟೆಲ್ಲ ಅಂತ ಕೇಳಬಹುದು. ಕೊಲ್ಲಿ ದೇಶಗಳಲ್ಲಿ ಕನ್ನಡದವರು ದಶಕಗಳಿಂದ ದುಡಿದಿದ್ದಾರೆ, ಮನೆ ಕಟ್ಟಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ಆ ಬದುಕು ಫೋಟೋಗಳಲ್ಲಿದೆ, ವೀಡಿಯೋ ಕಾಲ್‌ಗಳಲ್ಲಿ ಬಂದು ಹೋಗಿದೆ. ಕನ್ನಡದ ಅಕ್ಷರದಲ್ಲಿ ಇರೋದು ಕಡಿಮೆ. ಇಲ್ಲಿ ಬೆಳೆದು, ಇಲ್ಲಿ ಓದಿ, ನಾಳೆ ಕೆನಡಾಕ್ಕೋ ಬೆಂಗಳೂರಿಗೋ ಹೊರಡುವ ನಾವು ಬರೆಯದಿದ್ದರೆ ಅದನ್ನು ಬರೆಯೋಕೆ ಬೇರೆ ಯಾರೂ ಬರುವುದಿಲ್ಲ.

ಮುಂದಿನ ಸಂಚಿಕೆಗೆ ಒಂದೇ ಪುಟ ಸಾಕು, ಗೆಳೆಯರೇ. ಸುಹೈಲ್ ಮೂಡುವ ಹೊತ್ತಿಗೆ ಕಳಿಸಿ.