ಎರಡನೆಯ ಹೆರಿಗೆಗೆ ಮೊದಲು



"ಒಂದೇ ಸಾಕು ಕಣಕ್ಕ. ಆ ಹೆರಿಗೆ ನೆನೆಸಿಕೊಂಡರೆ ಈಗಲೂ ಕೈಕಾಲು ನಡುಗುತ್ತೆ."

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಹೆಂಗಸರು ಸೇರಿದ ಕಡೆ ಈ ಮಾತು ನಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ.

ಮೊದಲ ಹೆರಿಗೆ ಎಲ್ಲರಿಗೂ ಸಲೀಸಾಗಿ ಆಗುವುದಿಲ್ಲ. ಕೆಲವರಿಗೆ ದಿನಗಟ್ಟಲೆ ನೋವು. ಕೆಲವರಿಗೆ ಕೊನೇ ಗಳಿಗೆಯಲ್ಲಿ ಆಪರೇಷನ್. ಕೆಲವರಿಗೆ ಮಗು ಹುಟ್ಟಿದ ಮೇಲೆ ರಕ್ತ ನಿಲ್ಲಲಿಲ್ಲ. ಕೆಲವರಿಗೆ ಫಿಟ್ಸ್ ಬಂದು ಪ್ರಜ್ಞೆ ತಪ್ಪಿತು. ಕೆಲವರ ಮಡಿಲಿಗೆ ಮಗು ಬರಲೇ ಇಲ್ಲ. ಇಷ್ಟೆಲ್ಲ ಅನುಭವಿಸಿದವಳನ್ನು "ಇನ್ನೊಂದು ಯಾವಾಗಮ್ಮ?" ಅಂತ ಕೇಳಿದರೆ ಅವಳ ಎದೆ ಝಲ್ ಅನ್ನುವುದು ಸಹಜ.

ಈ ಪಾಠ ಅಂಥವರಿಗಾಗಿ. ಇದರಲ್ಲಿ ನಾವು ಹೇಳುವ ಮಾತು ಒಂದೇ. ಭಯವನ್ನು ನುಂಗಿಕೊಂಡು ಮತ್ತೆ ಬಸುರಿಯಾಗಬೇಡಿ. ಮೊದಲ ಸಲ ಏನಾಯಿತು, ಯಾಕಾಯಿತು ಅಂತ ತಿಳಿದುಕೊಳ್ಳಿ. ಆಮೇಲೆ ಎರಡನೆಯದಕ್ಕೆ ಮೊದಲೇ ಸಿದ್ಧರಾಗಿ.

ಭಯಪಡುವುದು ತಪ್ಪಲ್ಲ

ಕಷ್ಟದ ಹೆರಿಗೆ ಮೈಗೆ ಮಾತ್ರ ಗಾಯ ಮಾಡುವುದಿಲ್ಲ. ಮನಸ್ಸಿಗೂ ಗಾಯ ಮಾಡುತ್ತದೆ. ರಾತ್ರಿ ಕೆಟ್ಟ ಕನಸು ಬೀಳುತ್ತದೆ. ಆಸ್ಪತ್ರೆಯ ವಾಸನೆ ಬಂದರೆ ಬೆವರುತ್ತದೆ. ಗಂಡ ಹತ್ತಿರ ಬಂದರೆ ಭಯವಾಗುತ್ತದೆ. ಮಗುವನ್ನು ಎತ್ತಿಕೊಳ್ಳಲೂ ಮನಸ್ಸು ಬರುವುದಿಲ್ಲ. ಇದು ಸೋಗಲ್ಲ. ಗಾಳಿ ಸೋಕಿದ್ದೂ ಅಲ್ಲ. ನೂರು ಬಾಣಂತಿಯರಲ್ಲಿ ಸುಮಾರು ನಾಲ್ಕು ಜನರಿಗೆ ಹೀಗಾಗುತ್ತದೆ. ಇದೊಂದು ಕಾಯಿಲೆ. ಇದಕ್ಕೆ ಚಿಕಿತ್ಸೆ ಇದೆ.

ಮೊದಲು ನಂಬಿಕೆಯವರ ಹತ್ತಿರ ಬಾಯಿ ಬಿಟ್ಟು ಹೇಳಿ. ಆಶಾ ಕಾರ್ಯಕರ್ತೆಗೆ ಹೇಳಿ. ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಇನ್ನೊಂದು ದಾರಿಯೂ ಇದೆ. 14416 ನಂಬರಿಗೆ ಫೋನ್ ಮಾಡಬಹುದು. ಇದು ಟೆಲಿ ಮಾನಸ್ ಸಹಾಯವಾಣಿ. 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಾಗಿಲ್ಲ.

ಎರಡನೆಯ ಮಗು ಬೇಕೋ ಬೇಡವೋ ಎಂಬುದು ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ ತೀರ್ಮಾನಿಸುವ ವಿಷಯ. ಹೆರುವವಳು ನೀವು. ನಿಮ್ಮ ಮಾತಿಗೆ ಅಲ್ಲಿ ತೂಕ ಇರಬೇಕು.

ಮೊದಲ ಹೆರಿಗೆಯ ಕಾಗದ ಎಲ್ಲಿದೆ?

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಒಂದು ಕಾಗದ ಕೊಡುತ್ತಾರೆ. ಅದು ಡಿಸ್ಚಾರ್ಜ್ ಚೀಟಿ. ನಮ್ಮಲ್ಲಿ ಎಷ್ಟೋ ಜನ ಅದನ್ನು ಟ್ರಂಕಿನ ತಳದಲ್ಲಿ ಇಟ್ಟು ಮರೆಯುತ್ತೇವೆ. ಈವತ್ತೇ ಅದನ್ನು ಹುಡುಕಿ ತೆಗೆಯಿರಿ. ಸಿಗದಿದ್ದರೆ ಹೆರಿಗೆಯಾದ ಆಸ್ಪತ್ರೆಗೆ ಹೋಗಿ ದಾಖಲೆಯ ನಕಲು ಕೇಳಿ.

ಆ ಚೀಟಿ ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಅದಕ್ಕೆ ಹೆದರಬೇಡಿ. ಡಾಕ್ಟರ ಹತ್ತಿರವೋ ಸಿಸ್ಟರ್ ಹತ್ತಿರವೋ ಓದಿಸಿ. ಅವರು ಹೇಳಿದ್ದನ್ನು ನಿಮ್ಮ ನೋಟ್ ಪುಸ್ತಕದಲ್ಲಿ ಕನ್ನಡದಲ್ಲಿ ನೀವೇ ಬರೆದುಕೊಳ್ಳಿ. ಈ ಐದು ಪ್ರಶ್ನೆ ಕೇಳಿ:

1. ನನ್ನ ಹೆರಿಗೆ ಯಾಕೆ ಕಷ್ಟವಾಯಿತು?
2. ಎಷ್ಟು ರಕ್ತ ಹೋಗಿತ್ತು? ರಕ್ತ ಹಾಕಿದಿರಾ? ನನ್ನ ರಕ್ತದ ಗುಂಪು ಯಾವುದು?
3. ಆಪರೇಷನ್ ಆಗಿದ್ದರೆ, ಗರ್ಭಕೋಶವನ್ನು ಹೇಗೆ ಕೊಯ್ದು ಹೊಲಿದಿದ್ದಾರೆ?
4. ನನಗೆ ಬಿ.ಪಿ. ಇತ್ತಾ? ಸಕ್ಕರೆ ಕಾಯಿಲೆ ಇತ್ತಾ?
5. ಇದೇ ತೊಂದರೆ ಮತ್ತೆ ಬರಬಹುದಾ? ಬರದಂತೆ ಏನು ಮಾಡಬೇಕು?

ಮೂರನೇ ಪ್ರಶ್ನೆ ಯಾಕೆ ಗೊತ್ತೇ? ಹೊಟ್ಟೆಯ ಮೇಲಿನ ಗೆರೆ ನೋಡಿ, ಒಳಗೆ ಗರ್ಭಕೋಶದ ಗೆರೆ ಹೇಗಿದೆ ಎಂದು ಹೇಳಲು ಆಗುವುದಿಲ್ಲ. ಅದು ಕಾಗದದಲ್ಲೇ ಸಿಗಬೇಕು.

"ಒಂದು ಸಲ ಸಿಸೇರಿಯನ್ ಆದರೆ ಮುಗೀತು, ಎರಡನೆಯದೂ ಸಿಸೇರಿಯನ್ನೇ" ಅಂತಾರೆ. ಇದು ಪೂರ್ತಿ ನಿಜವಲ್ಲ. ಡಾಕ್ಟರು ಒಪ್ಪಿ ಪ್ರಯತ್ನ ಮಾಡಿದವರಲ್ಲಿ ಹತ್ತಕ್ಕೆ ಸುಮಾರು ಏಳು ಜನರಿಗೆ ಸಹಜ ಹೆರಿಗೆಯೇ ಆಗುತ್ತದೆ. ಆದರೆ ಸುಮಾರು ಇನ್ನೂರರಲ್ಲಿ ಒಬ್ಬರಿಗೆ ಹಳೆಯ ಹೊಲಿಗೆ ಬಿಟ್ಟುಕೊಳ್ಳಬಹುದು. ಆಗ ಕೂಡಲೇ ಆಪರೇಷನ್ ಮಾಡಬೇಕು. ಅದಕ್ಕೇ ಅಂಥವರು ಹಗಲು ರಾತ್ರಿ ಆಪರೇಷನ್ ಸೌಕರ್ಯ ಇರುವ ಆಸ್ಪತ್ರೆಯಲ್ಲೇ ಹೆರಬೇಕು.

ಮೊದಲ ಸಲ ಬಿ.ಪಿ. ಏರಿ ನಂಜು ಬಂದಿತ್ತೇ? ಫಿಟ್ಸ್ ಬಂದಿತ್ತೇ? ಹಾಗಿದ್ದರೆ ಬಸುರಿ ಅಂತ ಗೊತ್ತಾದ ಕೂಡಲೇ ಡಾಕ್ಟರಿಗೆ ಹೇಳಿ. ಮೂರು ತಿಂಗಳು ತುಂಬುವ ಹೊತ್ತಿಗೆ ಅವರು ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರೆ ಕೊಡುವುದುಂಟು. ನಾವಾಗಿಯೇ ಅಂಗಡಿಯಿಂದ ತಂದು ನುಂಗಬಾರದು.

ಎಷ್ಟು ಅಂತರ ಇರಬೇಕು?

ಹೆರಿಗೆಯಾಗಿ ಎರಡು ವರ್ಷವಾದರೂ ತುಂಬಿದ ಮೇಲೆ ಬಸುರಿಯಾಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಇಬ್ಬರು ಮಕ್ಕಳ ನಡುವೆ ಮೂರು ವರ್ಷದ ಅಂತರ ಇರಲಿ. ಬೆಳೆ ತೆಗೆದ ಹೊಲವನ್ನೂ ನಾವು ಸ್ವಲ್ಪ ದಿನ ಬಿಡುತ್ತೇವೆ ಅಲ್ಲವೇ? ಮೈಗೂ ಹಾಗೆಯೇ ಬಿಡುವು ಬೇಕು. ಆಪರೇಷನ್ ಆದವರಿಗಂತೂ ಒಳಗಿನ ಹೊಲಿಗೆ ಗಟ್ಟಿಯಾಗಲು ಸಮಯ ಬೇಕೇ ಬೇಕು.

ಬಸಿರು ಇಳಿದುಹೋಗಿದ್ದರೆ ಕನಿಷ್ಠ ಆರು ತಿಂಗಳು ಕಾಯಬೇಕು. ಹುಟ್ಟಿದ ಮಗುವನ್ನು ಕಳೆದುಕೊಂಡವರಿಗೆ ಮನೆಯವರು ಅವಸರ ಮಾಡುತ್ತಾರೆ. "ಇನ್ನೊಂದಾದರೆ ದುಃಖ ಮರೆಯುತ್ತಾಳೆ" ಅಂತಾರೆ. ಆ ಮಾತಿಗೆ ಹೂಂ ಅನ್ನುವ ಮೊದಲು ಡಾಕ್ಟರನ್ನು ಕೇಳಿ.

ಅಲ್ಲಿಯವರೆಗೆ ಬಸಿರು ತಡೆಯಲು ದಾರಿಗಳಿವೆ. ನಿರೋಧ್ ಇದೆ. ವಂಕಿ, ಅಂದರೆ ಕಾಪರ್-ಟಿ ಇದೆ. ಛಾಯಾ ಮಾತ್ರೆ ಇದೆ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಚುಚ್ಚುಮದ್ದು ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇವೆಲ್ಲ ಉಚಿತ. ನಿಮಗೆ ಯಾವುದು ಹೊಂದುತ್ತದೆ ಎಂದು ಸಿಸ್ಟರ್ ಹತ್ತಿರ ಕೇಳಿ.

ಮೈಯಲ್ಲಿ ರಕ್ತ ಇರಲಿ

ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋಗಿಯೇ ಹೋಗುತ್ತದೆ. ಮೈಯಲ್ಲಿ ರಕ್ತ ತುಂಬಿರುವವಳು ತಡೆದುಕೊಳ್ಳುತ್ತಾಳೆ. ರಕ್ತ ಕಡಿಮೆ ಇರುವವಳು ಕುಸಿಯುತ್ತಾಳೆ. ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. 7ಕ್ಕಿಂತ ಕಡಿಮೆ ಇದ್ದರೆ ಅಪಾಯ. ತಾಯಿ ಕಾರ್ಡಿನಲ್ಲಿ ಈ ಅಂಕಿ ಬರೆದಿರುತ್ತಾರೆ. ಈಗ ನಿಮಗೆ ಅಂಕಿ ಓದಲು ಬರುತ್ತದೆ. ನೀವೇ ನೋಡಿ.

ಬಸುರಿಯಾಗುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿ. ಫೋಲಿಕ್ ಆಸಿಡ್ ಮಾತ್ರೆ ಶುರುಮಾಡಿ. ಬಸುರಿಯಾದ ಮೇಲೆ ಕಬ್ಬಿಣದ ಮಾತ್ರೆ 180 ದಿನ, ಹೆರಿಗೆಯ ನಂತರವೂ 180 ದಿನ. ಕಾಫಿ, ಟೀ ಜೊತೆ ನುಂಗಬೇಡಿ. ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ಎರಡಕ್ಕೂ ಬೇರೆ ಬೇರೆ ಹೊತ್ತು ಇರಲಿ. ನಮ್ಮ ಕಡೆ ರಾಗಿ, ಹುರುಳಿ, ಕಡ್ಲೆಕಾಯಿ, ನುಗ್ಗೆಸೊಪ್ಪಿಗೆ ಬರವಿಲ್ಲ. ಅವನ್ನು ಗಂಡಸರಿಗೆ, ಮಕ್ಕಳಿಗೆ ಬಡಿಸಿ ತಳದ್ದು ಉಣ್ಣುವ ಅಭ್ಯಾಸ ಬಿಡಿ.

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರ ತಪಾಸಣೆ ಇರುತ್ತದೆ. 2016ರಿಂದ ಇದು ನಡೆಯುತ್ತಿದೆ. ಮೊದಲ ಹೆರಿಗೆ ಕಷ್ಟವಾಗಿದ್ದವರು ಅಪಾಯ ಹೆಚ್ಚಿರುವ ಬಸುರಿಯರ ಪಟ್ಟಿಗೆ ಸೇರುತ್ತಾರೆ. ನೀವು ಹೇಳದೆ ಅವರಿಗೆ ಗೊತ್ತಾಗುವುದಿಲ್ಲ. ಹಳೇ ಚೀಟಿ ತೋರಿಸಿ, ನೀವೇ ಹೇಳಿ.

ಎಲ್ಲಿ ಹೆರಬೇಕು?

2024ರ ಫೆಬ್ರವರಿಯಲ್ಲಿ ಪಾವಗಡದ ಸರ್ಕಾರಿ ತಾಯಿ ಮಕ್ಕಳ ಆಸ್ಪತ್ರೆಯಲ್ಲಿ ಆಪರೇಷನ್ ಆದ ಮೂವರು ಹೆಣ್ಣುಮಕ್ಕಳು ತೀರಿಕೊಂಡರು. ಸರ್ಕಾರ ವಿಚಾರಣೆ ನಡೆಸಿ ಕ್ರಮ ತೆಗೆದುಕೊಂಡಿತು. ಆ ಸುದ್ದಿ ಕೇಳಿದವರಿಗೆ ಆಸ್ಪತ್ರೆ ಎಂದರೆ ಭಯವಾಗುವುದು ನ್ಯಾಯವೇ. ಆದರೆ "ಹಾಗಾದರೆ ಮನೆಯಲ್ಲೇ ಹೆರೋಣ" ಎಂಬುದು ಅದಕ್ಕೆ ಉತ್ತರವಲ್ಲ.

ಯಾಕೆ ಅಂದರೆ, ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಎರಡೇ ಗಂಟೆಯಲ್ಲಿ ಪ್ರಾಣ ಹೋಗಬಹುದು. ತುಮಕೂರಿನ ಜಿಲ್ಲಾ ಆಸ್ಪತ್ರೆ ನಮಗೆ ಎಷ್ಟು ದೂರ ಎಂದು ಲೆಕ್ಕ ಹಾಕೋಣ. ಕೊರಟಗೆರೆಯಿಂದ ಸುಮಾರು 27 ಕಿಲೋಮೀಟರ್. ಮಧುಗಿರಿಯಿಂದ ಸುಮಾರು 43. ಶಿರಾದಿಂದ ಸುಮಾರು 50. ಪಾವಗಡದಿಂದ ಸುಮಾರು 100. ಪಾವಗಡದವರಿಗೆ ದಾರಿಗೇ ಎರಡು ಗಂಟೆ ಹಿಡಿಯುತ್ತದೆ. ಹಳ್ಳಿಯಿಂದ ಪಾವಗಡಕ್ಕೆ ಬರುವ ಹೊತ್ತು ಬೇರೆ. ಆದ್ದರಿಂದ ತೊಂದರೆ ಬಂದ ಮೇಲೆ ಹೊರಡುವುದಲ್ಲ. ಎಲ್ಲಿ ಹೆರಬೇಕು ಎಂದು ಎಂಟನೇ ತಿಂಗಳಿಗೆ ಮೊದಲೇ ಡಾಕ್ಟರ ಜೊತೆ ತೀರ್ಮಾನ ಆಗಿರಬೇಕು.

ಆ ಆಸ್ಪತ್ರೆಯಲ್ಲಿ ರಾತ್ರಿ ಆಪರೇಷನ್ ಮಾಡುತ್ತಾರಾ? ರಕ್ತ ಸಿಗುತ್ತದಾ? ಮಗು ಅಳದಿದ್ದರೆ ನೋಡುವ ಡಾಕ್ಟರ್ ಇದ್ದಾರಾ? ಈ ಮೂರನ್ನೂ ವಿಚಾರಿಸಿ. ಬೇಕಾದರೆ ದಿನ ತುಂಬುವ ಮೊದಲೇ ತುಮಕೂರಿನಲ್ಲಿ ನೆಂಟರ ಮನೆಯಲ್ಲಿ ಇರಿ. ರಕ್ತ ಕೊಡುವ ಇಬ್ಬರನ್ನು ಗೊತ್ತುಮಾಡಿಕೊಳ್ಳಿ. 108ಕ್ಕೆ ಫೋನ್ ಮಾಡುವುದು ಮನೆಯ ಎಲ್ಲರಿಗೂ ಗೊತ್ತಿರಲಿ. ಅದು ತಡವಾದರೆ ಬರುವ ಊರಿನ ವಾಹನದ ನಂಬರನ್ನು ಗೋಡೆಯ ಮೇಲೆ ಬರೆದಿಡಿ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿ ಬರುವ ವಾಹನ ಎಲ್ಲ ಉಚಿತ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಕೊಟ್ಟ ಹಕ್ಕು ಇದು. ಪಾವಗಡದ ಕಡೆ ಎಷ್ಟೋ ಜನರಿಗೆ ತವರು ಆಂಧ್ರದಲ್ಲಿ. ಹೋಗುವಾಗ ತಾಯಿ ಕಾರ್ಡ್, ಹಳೇ ಚೀಟಿ, ಸ್ಕ್ಯಾನಿಂಗ್ ಕಾಗದ ಒಂದೇ ಚೀಲದಲ್ಲಿ ಜೊತೆಗಿರಲಿ. ಕಾರ್ಡ್ ಮರೆತು ಬಂದರೂ ತುರ್ತು ಚಿಕಿತ್ಸೆ ಕೊಡಲೇಬೇಕು. ಇಲ್ಲ ಎನ್ನುವಂತಿಲ್ಲ.

ಜೊತೆಗೆ ಯಾರಿರುತ್ತಾರೆ?

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ಕೇಳದವರು ಯಾರು? ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ ಅವರು. ಒಂದು ಕಾಸೂ ಕೇಳಲಿಲ್ಲ. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಓದಲು ಬಾರದ ನರಸಮ್ಮನವರನ್ನು ಜನ ಯಾಕೆ ಅಷ್ಟು ನಂಬಿದರು? ಕೈಗುಣ ಒಂದು. ಹೆರುವವಳ ಪಕ್ಕದಲ್ಲಿ ಕೂತು ಧೈರ್ಯ ಹೇಳುವ ಮನಸ್ಸು ಇನ್ನೊಂದು.

ಆ ಧೈರ್ಯ ಆಸ್ಪತ್ರೆಯಲ್ಲೂ ಸಿಗಬೇಕು. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬ ಹೆಂಗಸು ಇರಬಹುದು ಎಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಅಮ್ಮ, ಅತ್ತೆ, ಅಕ್ಕ ಯಾರಾದರೂ ಆದೀತು. ಮೊದಲ ಹೆರಿಗೆ ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ ಎಂಬುದು ಹಲವು ಕಡೆ ರೂಢಿ. ಎಲ್ಲೇ ಆಗಲಿ, ನಿಮಗೆ ಯಾರ ಕೈ ಹಿಡಿದರೆ ಧೈರ್ಯ ಬರುತ್ತದೋ ಅವರನ್ನು ಮೊದಲೇ ಕೇಳಿಡಿ. ಮೊದಲ ಸಲ ಏನಾಗಿತ್ತು, ಯಾವುದಕ್ಕೆ ಹೆದರಿಕೆ ಎಂಬುದು ಅವರಿಗೂ ಗೊತ್ತಿರಲಿ. ನೋವಿನ ನಡುವೆ ನಿಮಗೆ ಮಾತು ಹೊರಡದಿದ್ದರೆ ಅವರು ಹೇಳುತ್ತಾರೆ.

ಬಾಣಂತನದಲ್ಲಿ ಎಚ್ಚರ

ಮಗು ಹುಟ್ಟಿದ ಮೇಲೂ ಕಣ್ಣಿಟ್ಟಿರಬೇಕು. ಬಟ್ಟೆ ತೊಯ್ದು ತೊಯ್ದು ರಕ್ತ ಹೋದರೆ, ಜ್ವರ ಬಂದರೆ, ಹೊಲಿಗೆಯಲ್ಲಿ ಕೀವು ಬಂದರೆ, ವಾಸನೆಯ ಬಿಳುಪು ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ ತಡಮಾಡಬೇಡಿ. ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ. ನಾಳೆ ನೋಡೋಣ ಎನ್ನಬಾರದು.

ಕೆಲವು ಹಟ್ಟಿಗಳಲ್ಲಿ ಸೂತಕ ಎಂದು ಬಾಣಂತಿಯನ್ನು ಊರ ಹೊರಗಿನ ಗುಡಿಸಲಲ್ಲಿ ಇರಿಸುವ ಪದ್ಧತಿ ಉಂಟು. 2023ರಲ್ಲಿ ತುಮಕೂರು ತಾಲ್ಲೂಕಿನಲ್ಲಿ ಹಾಗೆ ಇರಿಸಿದ್ದ ಬಾಣಂತಿಯ ಎಳೆಗೂಸು ತೀರಿಕೊಂಡಿತು. ಬಾಣಂತಿಗೆ ಬೆಚ್ಚನೆಯ ಗೋಡೆ ಬೇಕು, ಹತ್ತಿರ ಜನ ಬೇಕು. ಎರಡನೆಯ ಬಾಣಂತನ ಎಲ್ಲಿ ಎಂಬುದನ್ನೂ ಬಸುರಿಯಾಗುವ ಮೊದಲೇ ಹಿರಿಯರ ಜೊತೆ ಮಾತಾಡಿ ಇತ್ಯರ್ಥ ಮಾಡಿಕೊಳ್ಳಿ.

ಇಷ್ಟೆಲ್ಲ ಮಾಡಿದರೆ ಏನೂ ಆಗುವುದಿಲ್ಲ ಎಂದು ನಾವು ಭಾಷೆ ಕೊಡಲಾರೆವು. ಆದರೆ ಮೊದಲ ಸಲ ಕತ್ತಲಲ್ಲಿ ನಡೆದ ದಾರಿ ಇದು. ಈ ಸಲ ಕೈಯಲ್ಲಿ ಲಾಟೀನು ಇದೆ, ಜೊತೆಗೆ ಜನ ಇದ್ದಾರೆ.

ಮಾತಾಡೋಣ, ಬರೆಯೋಣ

1. ನಿಮ್ಮ ಊರಿಂದ ರಾತ್ರಿ ಹೊತ್ತು ಆಪರೇಷನ್ ಮಾಡುವ ಆಸ್ಪತ್ರೆ ಎಷ್ಟು ದೂರ? ಹೋಗಲು ಎಷ್ಟು ಹೊತ್ತು ಬೇಕು?
2. ನಿಮ್ಮ ರಕ್ತದ ಗುಂಪು, ಹಿಮೋಗ್ಲೋಬಿನ್ ಅಂಕಿ ಬರೆಯಿರಿ. ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಬಂದು ಬರೆಯಿರಿ.
3. ಹೆರಿಗೆ ಕೋಣೆಯಲ್ಲಿ ನಿಮ್ಮ ಜೊತೆ ಯಾರಿರಬೇಕು? ಯಾಕೆ?
4. 108 ಮತ್ತು 14416. ಈ ಎರಡು ನಂಬರು ಯಾವ ಯಾವ ಕೆಲಸಕ್ಕೆ? ಮನೆಯವರಿಗೆ ಓದಿ ಹೇಳಿ.