ಮಂಟಪದೊಳಗೆ ಯಾರು?

ಸ್ಮಾರಕವೆಂದರೆ ಸತ್ತವರ ನೆನಪಿಗಾಗಿ ಕಟ್ಟಿದ್ದು ಎಂದು ನಾವೆಲ್ಲರೂ ತಿಳಿದಿದ್ದೇವೆ. ಆದರೆ ಕಟ್ಟಿಸುವವರು ಬದುಕಿರುವವರು, ಅದರಲ್ಲಿಯೂ ಅಧಿಕಾರ ನಡೆಸುವವರು. ಆದುದರಿಂದ ಸ್ಮಾರಕದ ಮುಂದೆ ನಿಂತಾಗ ಇದು ಯಾರ ನೆನಪಿಗೆ ಎಂದು ಕೇಳಿದರೆ ಸಾಲದು. ಯಾರನ್ನು ಎಲ್ಲಿ ನಿಲ್ಲಿಸಿದ್ದಾರೆ, ಯಾರ ಹೆಸರು ಕಣ್ಣಿಗೆ ಎಟುಕುತ್ತದೆ ಎಂಬುದನ್ನೂ ಕೇಳಬೇಕು. ದಿಲ್ಲಿಯ ಇಂಡಿಯಾ ಗೇಟನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಸುಮಾರು 70,000 ಭಾರತೀಯ ಸೈನಿಕರ ನೆನಪಿಗೆಂದು 1921ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದರು. 1931ರಲ್ಲಿ ವೈಸರಾಯ್ ಇರ್ವಿನ್ ಉದ್ಘಾಟಿಸಿದರು. ಶಿಲ್ಪಿ ಎಡ್ವಿನ್ ಲಟ್ಯೆನ್ಸ್. ಎತ್ತರ 42 ಮೀಟರು. ರೂಪವಂತೂ ರೋಮಿನ ಚಕ್ರವರ್ತಿಗಳು ಗೆದ್ದು ಬಂದಾಗ ಕಟ್ಟಿಸುತ್ತಿದ್ದ ವಿಜಯದ್ವಾರದ್ದು. ಶೋಕಕ್ಕೆ ಗೆಲುವಿನ ಉಡುಪನ್ನು ತೊಡಿಸಿದಂತಾಯಿತು! ಗೋಡೆಗಳ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ. ಅವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿವೆ. ಎಷ್ಟೋ ಹೆಸರುಗಳು ತಲೆಯೆತ್ತಿದರೂ ಓದಲಾಗದಷ್ಟು ಮೇಲಿವೆ. ಸತ್ತವರಲ್ಲಿ ಬಹುಮಂದಿ ಹಳ್ಳಿಯ ರೈತರ ಮಕ್ಕಳು. ಅವರ ತಾಯಂದಿರು ಅಲ್ಲಿಗೆ ಬಂದಿದ್ದರೆ ಮಗನ ಹೆಸರನ್ನು ಬೇರೆಯವರಿಂದಲೇ ಓದಿಸಿಕೊಳ್ಳಬೇಕಾಗುತ್ತಿತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಓದಿಸಿಕೊಳ್ಳುವವರ ಸಂಕೋಚ ಎಂಥದೆಂಬುದನ್ನು ಬಲ್ಲೆ.

ಇದಕ್ಕಿಂತ ಕುತೂಹಲಕರವಾದುದು ಗೇಟಿನ ಹಿಂದೆ, ಪೂರ್ವಕ್ಕೆ, ನಿಂತಿರುವ ಕಲ್ಲಿನ ಮಂಟಪ. ಐದನೆಯ ಜಾರ್ಜ್ ದೊರೆ 1936ರಲ್ಲಿ ತೀರಿಕೊಂಡ ಮೇಲೆ ಅವನ ಬೃಹತ್ತಾದ ಅಮೃತಶಿಲೆಯ ಪ್ರತಿಮೆಯನ್ನು ಅದರಲ್ಲಿ ನಿಲ್ಲಿಸಿದರು. ರೈಸಿನಾ ಗುಡ್ಡದ ವೈಸರಾಯರ ಭವನ, ನೇರವಾದ ರಾಜಬೀದಿ, ಗೇಟು, ಮಂಟಪ ಇವೆಲ್ಲವೂ ಒಂದೇ ಗೆರೆಯ ಮೇಲಿವೆ. ಭವನದ ಕಡೆಯಿಂದ ನೋಡಿದವನ ದೃಷ್ಟಿ ಕಮಾನನ್ನು ಹಾದು ದೊರೆಯ ಕಡೆಗೇ ಹೋಗಬೇಕು. ಸೈನಿಕರ ಹೆಸರು ಹೊತ್ತ ಬಾಗಿಲು ಹೀಗೆ ರಾಜನ ಚಿತ್ರಕ್ಕೆ ಚೌಕಟ್ಟಾಯಿತು.

ಸ್ವಾತಂತ್ರ್ಯ ಬಂದ ಕೂಡಲೇ ದೊರೆ ಇಳಿದನೆ? ಇಲ್ಲ. 1968ರವರೆಗೆ ನಿಂತೇ ಇದ್ದ. ಅನಂತರ ಅವನನ್ನು ಕೊರೊನೇಷನ್ ಪಾರ್ಕಿಗೆ ಸಾಗಿಸಿದರು. ಕಿಂಗ್ಸ್‌ವೇ ಎಂಬ ರಸ್ತೆ ರಾಜಪಥವಾಯಿತು. ಭಾಷೆ ಬದಲಾಯಿತೇ ಹೊರತು ಅರ್ಥವಲ್ಲ. ಮಂಟಪವಂತೂ 2022ರವರೆಗೆ ಬರಿದಾಗಿತ್ತು. ಗಾಂಧೀಜಿಯ ಪ್ರತಿಮೆಯನ್ನು ಇಡಬೇಕೆಂಬ ಮಾತು ಹಲವು ಸಲ ಬಂದರೂ ಕೈಗೂಡಲಿಲ್ಲ. ಚಕ್ರವರ್ತಿಗೆಂದು ಅಳತೆ ಮಾಡಿದ ಜಾಗದಲ್ಲಿ ಆ ತುಂಡುಪಂಚೆಯ ಮನುಷ್ಯ ಹೇಗೆ ನಿಂತಾರು! ನನ್ನ ಮಟ್ಟಿಗೆ ಹೇಳುವುದಾದರೆ, ಪ್ರಜಾಪ್ರಭುತ್ವಕ್ಕೆ ಆ ಬರಿದಾದ ಪೀಠವೇ ಚೆನ್ನಾಗಿ ಒಪ್ಪುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಅಲ್ಲಿ ನೇತಾಜಿಯವರ 28 ಅಡಿಯ ಕರಿಗಲ್ಲಿನ ಪ್ರತಿಮೆ ಬಂತು. ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್ ಎಂಬುದು ನಮಗೆ ಹೆಮ್ಮೆ. ರಾಜಪಥವೂ ಆಗಲೇ ಕರ್ತವ್ಯಪಥವಾಯಿತು. ಆದರೆ ಗೆರೆ ಅದೇ, ಪೀಠವೂ ಅದೇ. ಕಮಾನಿನೊಳಗಿಂದ ಕಾಣುವವರು ಮಾತ್ರ ಬೇರೆ.

1972ರಲ್ಲಿ ಆ ಕಮಾನಿನಡಿ ಹೊತ್ತಿಸಿದ ಅಮರ ಜವಾನ್ ಜ್ಯೋತಿಯನ್ನು 2022ರ ಜನವರಿಯಲ್ಲಿ ಸಮೀಪದ ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಯೊಡನೆ ಸೇರಿಸಿದರು. 2019ರಲ್ಲಿ ತೆರೆದ ಈ ಹೊಸ ಸ್ಮಾರಕದ ರೀತಿಯೇ ಬೇರೆ. ಒಂದರೊಳಗೊಂದು ಸುತ್ತುವ ವೃತ್ತಗಳು, ಎತ್ತರಕ್ಕೇರದ ಗೋಡೆಗಳು, ಒಬ್ಬೊಬ್ಬ ಯೋಧನಿಗೂ ಒಂದೊಂದು ಕಲ್ಲಿನ ಫಲಕ. ಇಲ್ಲಿ ನಡೆದು ನಡೆದು ಹೆಸರುಗಳನ್ನು ಓದಬೇಕು. ಆದರೆ ಇದರ ಪಟ್ಟಿ ಆರಂಭವಾಗುವುದು ಸ್ವತಂತ್ರ ಭಾರತದ ಯುದ್ಧಗಳಿಂದ. ಪರರಾಜನಿಗಾಗಿ ಫ್ರಾನ್ಸಿನಲ್ಲಿ, ಮೆಸಪೊಟೇಮಿಯದಲ್ಲಿ ಸತ್ತ ಆ ರೈತರ ಮಕ್ಕಳಿಗೆ ದಿಲ್ಲಿಯಲ್ಲಿ ಇಂದಿಗೂ ಆ ಎತ್ತರದ ಕಮಾನೇ ಗತಿ.